ಎಡಸೀಟಿನ ಸೋರಿಕೆ

ಕಣ್ಣಿನ ಡಾಕ್ಟರು ಹಂಪಮ್ಮನ ಬಲಗಣ್ಣಿಗೆ ಔಷಧಿ ಹಾಕಿ, ಸಂಜೆಯತನಕ ಕಣ್ಣಿಗೆ ಹನಿ ನೀರೂ ತಾಗಬಾರದು ಎಂದು ಶಿವಗಂಗಾಳಿಗೆ ಬಿಡಿಸಿ ಹೇಳಿ ಕಳಿಸಿದ್ದರು. ರಾಯಚೂರಿನ ಆ ಆಸ್ಪತ್ರೆಯ ಗೇಟು ದಾಟಿ ಜೀಪು ಇನ್ನೂ ಎರಡನೇ ಗೇರಿಗೆ ಬಂದಿರಲಿಲ್ಲ, ಛತ್ತಿನಿಂದ ಒಂದು ಹನಿ ಕಳಚಿ ಸರಿಯಾಗಿ ಅದೇ ಕಣ್ಣಿನ ಮೇಲೆ ಬಿತ್ತು. "ಡಾಕ್ಟರ್ ಹಾಕಿದ್ದಕ್ಕಿಂತ ಇದಾ ತಂಪದ ನೋಡು," ಎಂದಳು ಎಡಸೀಟಿನಲ್ಲಿದ್ದ ಹಂಪಮ್ಮ, ಒರೆಸಿಕೊಳ್ಳದೆ, ತೀರ್ಥಕ್ಕೆ ಕಾದವಳ ಹಾಗೆ ಮುಖ ಮೇಲೆತ್ತಿಕೊಂಡು. ಅತ್ತೆ ಮುಂದೇನು ಹೇಳುತ್ತಾಳೆಂದು ಶಿವಗಂಗಾಳಿಗೆ ಗೊತ್ತಿತ್ತು. ಮಳೆ ಶುರುವಾದಾಗಿನಿಂದ ಪ್ರತಿ ಹನಿಗೂ ಅದನ್ನೇ ಹೇಳುತ್ತ ಬಂದಿದ್ದಳು. "ನನ್ನ ಮಗ ಅಳಾಕತ್ತಾನ." ಆ ಮಗ, ಶಿವಗಂಗಾಳ ಗಂಡ ಚನ್ನವೀರ, ಸತ್ತು ವರ್ಷ ತುಂಬಿತ್ತು. ಬದುಕಿದ್ದಾಗ ಅವನು ಅತ್ತಿದ್ದನ್ನು ಶಿವಗಂಗಾ ಕಂಡದ್ದು ಒಮ್ಮೆ ಮಾತ್ರ, ಅದೂ ದವಡೆ ಹಲ್ಲು ಕೀಳಿಸಿಕೊಂಡಾಗ. ಅಂಥವನು ಸತ್ತ ಮೇಲೆ ಜೀಪಿನ ಛತ್ತಿಗೆ ಬಂದು ಕೂತು, ಹೆಂಡತಿಯನ್ನು ಬಿಟ್ಟು ತಾಯಿಯ ತಲೆಯ ಮೇಲೇ ಗುರಿಯಿಟ್ಟು ಅಳುತ್ತಾನೆಂದರೆ ನಂಬುವುದು ಕಷ್ಟ. ಆದರೂ ಅವಳನ್ನು ಒಳಗೊಳಗೇ ಚುಚ್ಚುತ್ತಿದ್ದ ಸಂಗತಿ ಒಂದಿತ್ತು: ಆ ಛತ್ತಿನ ತಗಡಿಗೆ ಬಂದಷ್ಟು ನೀರೂ ಅವಳ ಕಣ್ಣಿಗೆ ಬಂದಿರಲಿಲ್ಲ. ಮಣ್ಣು ಕೊಡುವ ದಿನವೂ ಇಲ್ಲ, ಆಮೇಲೂ ಇಲ್ಲ. ತಮ್ಮೂರು ಮಾನ್ವಿಯ ಹೆಂಗಸರು ಮಾತಾಡಿಸಲು ಬಂದಾಗ ಸೆರಗನ್ನು ಮುಖಕ್ಕೆ ಒತ್ತಿಕೊಂಡು, ಅದರ ಹಿಂದೆ ಒಣಗಿದ ಕಣ್ಣು ತೆರೆದುಕೊಂಡು, ಸೀರೆಯ ನೇಯ್ಗೆಯೊಳಗಿಂದ ಅವರ ಕಾಲುಂಗುರಗಳನ್ನು ನೋಡುತ್ತ ಕೂತಿರುತ್ತಿದ್ದಳು.

ಜೀಪು ಹಳೆಯದು. ಚನ್ನವೀರ ಹೊಲಗಾಲುವೆಗಳ ಗುತ್ತಿಗೆ ಮಾಡುತ್ತಿದ್ದವನು; ಎರೆಮಣ್ಣಿನ ಕೆಸರಲ್ಲಿ, ಕಾಲುವೆಯ ಏರಿಯ ಮೇಲೆ, ರಸ್ತೆಯೆಂಬುದೇ ಇಲ್ಲದ ಕಡೆ ನುಗ್ಗಿಸಲು ಅವನಿಗೆ ಅಂಥದೇ ಗಾಡಿ ಬೇಕಿತ್ತು. ಮೂಲದಲ್ಲಿ ಬಟ್ಟೆಯ ಹೊದಿಕೆಯಿದ್ದ ಅದಕ್ಕೆ ಯಾರೋ ತಗಡಿನ ಛತ್ತು ಕೂಡಿಸಿದ್ದರು, ಇನ್ಯಾರೋ ಅದರ ಮೇಲೆ ಸಾಮಾನು ಹೇರುವ ಕ್ಯಾರಿಯರ್ ಬಿಗಿದಿದ್ದರು, ಒಳಗೆ ಕಂದು ಬಣ್ಣದ ರೆಕ್ಸಿನ್ ಹೊದಿಸಿದ್ದರು. ಅವನು ಹೋದ ಮೇಲೆ ಎಲ್ಲರೂ ಮಾರಿಬಿಡು ಎಂದರು. ಶಿವಗಂಗಾ ಮಾರಲಿಲ್ಲ. ಅಂಗನವಾಡಿ ಮೇಲ್ವಿಚಾರಕಿಯಾಗಿ ಹಳ್ಳಿ ಹಳ್ಳಿಗೆ ಬಸ್ಸು, ಟಂಟಂ, ಯಾರದೋ ಬೈಕಿನ ಹಿಂಬದಿ ಎಂದು ಇಷ್ಟು ವರ್ಷ ಸವೆಸಿದ್ದವಳು, ಗಂಡನ ಬಳಿ ಕೆಲಸಕ್ಕಿದ್ದ ಮಲ್ಲಯ್ಯನನ್ನು ಕರೆಸಿ, ಮಾನ್ವಿಯ ಎಪಿಎಂಸಿ ಅಂಗಳದಲ್ಲಿ ಭತ್ತದ ಚೀಲಗಳ ನಡುವೆ ಗಾಡಿ ಹೊಡೆಯಲು ಕಲಿತಳು. ಹಮಾಲರು ಕೆಲಸ ಬಿಟ್ಟು ನೋಡಲು ನಿಲ್ಲುತ್ತಿದ್ದರು. ವಿಧವೆ ಜೀಪು ಕಲಿಯುವುದರಲ್ಲಿ ಅಷ್ಟೊಂದು ನೋಡುವುದೇನಿತ್ತೋ. ಒಮ್ಮೆ ಹಿಂದಕ್ಕೆ ತೆಗೆಯಲು ಹೋಗಿ ಮುಂದಕ್ಕೆ ನುಗ್ಗಿಸಿ ವ್ಯಾಪಾರಿಯೊಬ್ಬನ ತಕ್ಕಡಿಯನ್ನು ಮಲಗಿಸಿದಾಗಿನಿಂದ ಮಾತ್ರ ದೂರ ನಿಂತು ನೋಡತೊಡಗಿದರು.

ಗದ್ವಾಲ್ ರಸ್ತೆಯಲ್ಲಿದ್ದ ಗ್ಯಾರೇಜಿಗೆ ಬಂದಾಗ ಮಳೆ ಹನಿಯುವುದು ನಿಂತಿತ್ತು. ಮೇಸ್ತ್ರಿ ಕೊಟ್ರೇಶ ಈ ಛತ್ತಿಗೆ ಮೊದಲು ಸಿಲಿಕಾನ್ ಮೆತ್ತಿದ್ದ, ಆಮೇಲೆ ಡಾಂಬರು ಬಳಿದಿದ್ದ, ಹೋದ ಸಲ ಮುಂಗಾಜಿನ ಸುತ್ತಲಿನ ರಬ್ಬರನ್ನೇ ಬದಲಿಸಿ, "ಇನ್ ಸೋರಿದ್ರ ನನ್ನ ಮೀಸಿ ಬೋಳಸ್ರಿ," ಎಂದಿದ್ದ. ಈಗ ಮೀಸೆಯ ಮೇಲೆ ಕೈಯಿಟ್ಟುಕೊಂಡೇ ಎದುರು ಬಂದ. ಛತ್ತಿನ ಮೇಲೆ ಹತ್ತಿ, ಮೊಣಕಾಲೂರಿ, ಬೆರಳಲ್ಲಿ ತಟ್ಟಿ, ಕಿವಿಯಿಟ್ಟು ಕೇಳಿ, ಕೊನೆಗೆ ಇಳಿದು ಬಂದು, "ಅಕ್ಕೋರ, ಇದು ಛತ್ತಿಂದಲ್ಲ, ಗಾಳಿದು," ಎಂದ. ಗಾಳಿ ಹೇಗೆ ನೀರಾಯಿತೆಂದು ಅವಳು ಕೇಳಿದಳು. ಅವನು ಅದಕ್ಕೆ ಉತ್ತರಿಸದೆ ಎಡಸೀಟಿನ ಕಡೆ ನೋಡಿ, "ಛಲೋ ಹೇಳಬೇಕಂದ್ರ ಈ ಸೀಟಿನ್ಯಾಗ ಕುಂತವ್ರೇ ಹೇಳಬೇಕ್ರಿ. ಎಂಥ ಮಳ್ಯಾಗ ಸೋರ್ತದ, ಗಾಡಿ ಓಡುವಾಗ ಸೋರ್ತದೋ ನಿಂತಾಗೋ, ಎಲ್ಲಿಂದ ಹರದು ಬರ್ತದ ಅಂತ. ಸಾಹುಕಾರ್ರು ಇದ್ದಾಗ ಇಲ್ಲಿ ಯಾವಾಗ್ಲೂ ಕುಂದ್ರತಿದ್ದೋರು..." ಎಂದು ಹೇಳುತ್ತ ಹೇಳುತ್ತ ತನ್ನ ಮಾತು ಎತ್ತ ಹೊರಟಿದೆಯೆಂದು ಅವನಿಗೇ ಕಾಣಿಸಿ, ನಾಲಿಗೆ ಕಚ್ಚಿಕೊಂಡು, ಪಕ್ಕದಲ್ಲಿದ್ದ ಟ್ರ್ಯಾಕ್ಟರಿನ ಗಾಲಿಯನ್ನು ಕಾರಣವಿಲ್ಲದೆ ಒದ್ದ. ಹಂಪಮ್ಮ ಕಿಟಕಿಯಿಂದ ತಲೆ ಹೊರಹಾಕಿ, "ದೇವದುರ್ಗದಾಕಿ," ಎಂದಳು, ಪಾಠ ಒಪ್ಪಿಸುವಾಗ ತಡವರಿಸಿದ ಹುಡುಗನಿಗೆ ಮುಂದಿನ ಪದ ಹೇಳಿಕೊಡುವ ಹಾಗೆ.

ದೇವದುರ್ಗದಾಕಿ ಎಂದರೆ ನಾಗರತ್ನಾ. ಅಲ್ಲಿಯ ತಾಲೂಕು ಕಚೇರಿಯ ಎದುರು ಅವಳದೊಂದು ಝೆರಾಕ್ಸ್ ಅಂಗಡಿ. ಕಾಲುವೆ ಕೆಲಸದ ಕಾಗದಪತ್ರಕ್ಕೆಂದು ಅಲ್ಲಿಗೆ ಹೋಗುತ್ತಿದ್ದ ಚನ್ನವೀರನಿಗೆ, ಯಾವ ಸರಕಾರಿ ಕೆಲಸಕ್ಕೂ ಬೇಕಾಗದಷ್ಟು ಪ್ರತಿಗಳು ಬೇಕಾಗತೊಡಗಿದವು ಎಂದು ಮಾನ್ವಿಯಲ್ಲಿ ಜನ ನಗುತ್ತಿದ್ದರು. ಶಿವಗಂಗಾ ಜಗಳ ಮಾಡಿರಲಿಲ್ಲ. ಜಗಳ ಮಾಡಿದರೆ ಅದು ನಿಜವಾಗುತ್ತದೆ, ಸುಮ್ಮನಿದ್ದರೆ ಗಾಳಿಮಾತಾಗಿ ಉಳಿಯುತ್ತದೆ ಎಂಬುದು ಅವಳ ಲೆಕ್ಕಾಚಾರ. ಬದಲಿಗೆ, ಅಂಗನವಾಡಿಗಳಲ್ಲಿ ಮಕ್ಕಳ ತೂಕ ನೋಡುತ್ತ, ಕೋಳಿಮೊಟ್ಟೆ ಎಣಿಸುತ್ತ, ಅವರಿಬ್ಬರನ್ನೂ ಮನಸ್ಸಿನಲ್ಲಿ ಜೀಪಿನಲ್ಲಿ ಕೂಡಿಸಿ ಓಡಿಸುತ್ತಿದ್ದಳು. ಆ ಮನಸ್ಸಿನ ಜೀಪಿನಲ್ಲಿ ಯಾವಾಗಲೂ ಸಂಜೆ, ಯಾವಾಗಲೂ ತಂಗಾಳಿ, ಎಡಸೀಟಿನವಳ ಮುಂಗುರುಳು ಹಾರುತ್ತಿತ್ತು, ರಸ್ತೆಯಲ್ಲಿ ಗುಂಡಿಗಳೂ ಇರುತ್ತಿರಲಿಲ್ಲ. ದೇವದುರ್ಗದ ರಸ್ತೆಯಲ್ಲಿ ಗುಂಡಿಗಳಿಲ್ಲದ ಕಲ್ಪನೆ ಎಂಥ ಸುಳ್ಳೆಂದು ಆಗ ಅವಳಿಗೆ ಹೊಳೆದಿರಲಿಲ್ಲ. ಮಣ್ಣು ಕೊಡುವ ದಿನ ನಾಗರತ್ನಾ ಬಂದಿದ್ದಳು. ಹೊಲದ ಬದುವಿನ ಆಚೆ ನಿಲ್ಲಿಸಿದ್ದ ಜೀಪಿನ ಹತ್ತಿರ ನಿಂತಿದ್ದಳು, ಕುಣಿಯ ಹತ್ತಿರ ಬಂದಿರಲಿಲ್ಲ. ಮಳೆ ಬಂತು. ಎಲ್ಲರೂ ಬೇವಿನ ಮರದಡಿ ಸೇರಿದಾಗ ಅವಳು ಜೀಪಿನ ಬಾಗಿಲು ತೆಗೆದು ಎಡಸೀಟಿನಲ್ಲಿ ಕೂತಳು, ಬಹಳ ದಿನದ ರೂಢಿಯಿದ್ದವರು ಕೂರುವ ಹಾಗೆ, ಹಿಡಿಕೆಯನ್ನು ನೋಡದೆಯೇ ಹಿಡಿದು. ಆ ನೋಡದೆ ಹಿಡಿದದ್ದು ಶಿವಗಂಗಾಳ ತಲೆಗೇರಿತು. ಮಲ್ಲಯ್ಯನನ್ನು ಕರೆದು, "ಜೀಪಿಗಿ ಬೀಗ ಹಾಕು," ಎಂದಳು. ಅವನು ಅರ್ಥವಾಗದವನಂತೆ ನಿಂತ. "ಒಳಗ ಮಂದಿ ಇದ್ರ ಇಳಸು," ಎಂದಳು. ಇಳಿದ ಹೆಂಗಸು ಯಾರ ಕಡೆಗೂ ನೋಡದೆ, ಚಪ್ಪಲಿ ಕೈಯಲ್ಲಿ ಹಿಡಿದು, ಕೆಸರಿನಲ್ಲಿ ರಸ್ತೆಯ ಕಡೆಗೆ ನಡೆದುಹೋದಳು. ಆಗ ಗೆದ್ದ ಹಾಗೆ ಅನ್ನಿಸಿತ್ತು. ಗೆದ್ದದ್ದು ಊಟದ ಹೊತ್ತಿನತನಕವೂ ಉಳಿಯಲಿಲ್ಲ.

ರಾಯಚೂರು ದಾಟಿದ ಮೇಲೆ ಮಾನ್ವಿಯ ಕಡೆ ಹೊರಳಬೇಕಾಗಿದ್ದ ಜೀಪು ಗಬ್ಬೂರಿನ ಹಾದಿ ಹಿಡಿಯಿತು. ತಾನೇ ಹೊರಳಿಸಿದ್ದು ಎಂದು ಒಪ್ಪಿಕೊಳ್ಳಲು ಶಿವಗಂಗಾಳಿಗೆ ಸ್ವಲ್ಪ ದೂರ ಬೇಕಾಯಿತು. ಸೋರಿಕೆಯ ಬಗ್ಗೆ ಕೇಳುವುದು, ಅಷ್ಟೇ. ಗಾಡಿ ರಿಪೇರಿಯ ಮಾತು, ಇದರಲ್ಲಿ ಮಾನ ಅವಮಾನ ಏನು ಬಂತು. ಹತ್ತಿಯ ಹೊಲಗಳಲ್ಲಿ ನೀರು ನಿಂತಿತ್ತು. ಹಂಪಮ್ಮ ಬದಲಾದ ದಾರಿಯನ್ನು ನೋಡಿದಳು, ಸೊಸೆಯ ಮುಖವನ್ನು ನೋಡಿದಳು, "ದೇವದುರ್ಗದಾಗ ಮಂಡಾಳ ಮಿರ್ಚಿ ಛಲೋ ಸಿಗ್ತದ," ಎಂದಷ್ಟೇ ಹೇಳಿ ಕಣ್ಣು ಮುಚ್ಚಿಕೊಂಡಳು. ಎಂಬತ್ತರ ಹತ್ತಿರ ಬಂದಿದ್ದ ಆ ಮುದುಕಿಗೆ ಎಲ್ಲ ಪ್ರಯಾಣಕ್ಕೂ ಒಂದು ತಿನ್ನುವ ಕಾರಣವಿರುತ್ತಿತ್ತು. ನೀರಮಾನ್ವಿ ಎಲ್ಲಮ್ಮನ ದರ್ಶನಕ್ಕೆ ಹೋಗುವಾಗಲೂ ದೇವಿಗಿಂತ ಮೊದಲು ಚುರುಮುರಿಯವನನ್ನು ವಿಚಾರಿಸುತ್ತಿದ್ದಳು. ಶಿವಗಂಗಾ ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದಳು. ಬಹುವಚನವೋ ಏಕವಚನವೋ? "ನೀವು" ಎಂದರೆ ಗೌರವ ಕೊಟ್ಟ ಹಾಗೆ, "ನೀನು" ಎಂದರೆ ಮನೆಯವಳಾಗಿ ಮಾಡಿಕೊಂಡ ಹಾಗೆ. ಎರಡೂ ಬೇಡ. ಕ್ರಿಯಾಪದವೇ ಇಲ್ಲದೆ ಮಾತಾಡಬೇಕು. "ಜೀಪು, ಛತ್ತು, ಸೋರಿಕೆ, ಎಲ್ಲಿಂದ?" ಹಾಗೆ. ಅವಳು "ಅಕ್ಕಾ" ಎಂದುಬಿಟ್ಟರೆ? ಕಿರಿಯ ಹೆಂಡತಿ ಹಿರಿಯಳನ್ನು ಕರೆಯುವ ಆ ಅಕ್ಕಾ ಬಂದರೆ ಅಲ್ಲಿಂದಲೇ ಗಾಡಿ ತಿರುಗಿಸುವುದು, ತಿರುಗಿಸುವಷ್ಟು ಜಾಗ ಇದ್ದರೆ.

ಅಂಗಡಿಯ ಮುಂದೆ ಆದಾಯ ಪ್ರಮಾಣಪತ್ರಕ್ಕೆ ಬಂದವರ ಗುಂಪು ಕರಗಿ ಹೋಗಿತ್ತು. ನಾಗರತ್ನಾ ಯಾರದೋ ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಸುತ್ತಿದ್ದಳು. ದಪ್ಪ ಗಾಜಿನ ಕನ್ನಡಕ, ನೆತ್ತಿಯ ಹತ್ತಿರ ತೆಳುವಾದ ಕೂದಲು, ಬಲಗೈ ಬೆರಳಿಗೆ ಶಾಯಿಯ ಕಪ್ಪು. ಹಾರಲು ಮುಂಗುರುಳೇ ಇರಲಿಲ್ಲ. ಜೀಪಿನ ಸದ್ದು ಕೇಳಿದೊಡನೆ ಅವಳ ತಲೆ ಸರಕ್ಕನೆ ಎದ್ದಿತು. ಎದ್ದ ಮೇಲೆ, ಚಾಲಕನ ಜಾಗದಲ್ಲಿದ್ದವಳನ್ನು ಕಂಡ ಮೇಲೆ, ಆ ಮುಖದಲ್ಲಿ ಎದ್ದದ್ದೇನೋ ಮತ್ತೆ ಮೆಲ್ಲಗೆ ಕೂತಿತು. ಅದನ್ನು ನೋಡಬಾರದಿತ್ತು ಎಂದುಕೊಂಡಳು ಶಿವಗಂಗಾ. ಆ ಸದ್ದಿಗೆ ತಾನೂ ಎಷ್ಟೋ ಸಲ ಹಾಗೆಯೇ ತಲೆ ಎತ್ತಿದ್ದಳು.

"ಬರ್ರಿ ಮೇಡಂ," ಎಂದಳು ನಾಗರತ್ನಾ. ಅಕ್ಕಾ ಬರಲಿಲ್ಲ. ಬರದಿದ್ದದ್ದಕ್ಕೆ ಸಮಾಧಾನದ ಜೊತೆಗೆ ಸಣ್ಣ ಅವಮಾನವೂ ಆಯಿತು. ಝೆರಾಕ್ಸಿಗೆ ಬಂದವರನ್ನೆಲ್ಲ ಹಾಗೆಯೇ ಕರೆಯುತ್ತಿದ್ದಳು.

"ಜೀಪು ಸೋರಾಕತ್ತದ," ಎಂದಳು ಶಿವಗಂಗಾ.

"ಇನ್ನೂ?"

ಆ ಒಂದು ಮಾತಿನಲ್ಲಿ ಎಷ್ಟು ವರ್ಷಗಳಿದ್ದವು ಎಂದು ಶಿವಗಂಗಾ ಅಳತೆ ಮಾಡುವ ಮೊದಲೇ ನಾಗರತ್ನಾ ನಗತೊಡಗಿದ್ದಳು. ಕುರ್ಚಿ ತಂದು ಹಾಕಿದಳು, ಜೀಪಿನ ಬಾಗಿಲಿಗೆ ಹೋಗಿ ಹಂಪಮ್ಮನ ಕೈ ಹಿಡಿದು ಇಳಿಸಿದಳು. "ಯವ್ವಾ, ಕಣ್ಣಿಗೇನಾತ್ರಿ?" ಎಂದು ಕೇಳಿದಳು. "ಮಗನ ನೀರು ಬಿದ್ದಾವ," ಎಂದಳು ಹಂಪಮ್ಮ. "ಅವ್ರ ನೀರು ನನ್ನ ಮ್ಯಾಲ ಬಿದ್ದಂಗ ಯಾರ ಮ್ಯಾಲೂ ಬಿದ್ದಿಲ್ರಿ ಯವ್ವಾ," ಎಂದು ನಾಗರತ್ನಾ ತನ್ನ ನೆತ್ತಿಯನ್ನು ತೋರಿಸಿದಳು. "ಇಲ್ಲಿ ಕೂದಲ ಹೋಗಿದ್ದು ಅದಕ್ಕಾ ಅಂತ ನಾ ಈಗ್ಲೂ ಅಂತೀನಿ. ಒಂದು ಸಲ ಲ್ಯಾಮಿನೇಶನ್ ಹಾಳಿ ತಲಿ ಮ್ಯಾಲ ಹಿಡ್ಕೊಂಡು ಸಿರವಾರ ತನಕ ಕುಂತೀನಿ. ಟೋಲಿನಾಗ ಹುಡುಗ್ರು ಕೇಕಿ ಹಾಕಿದ್ರು. ಇವ್ರು ಸ್ಟೇರಿಂಗ್ ಹಿಡ್ಕೊಂಡು ಒಣಗಿದ ಬಟ್ಟಿ ಹಂಗ ಕುಂತಿದ್ರು ನೋಡ್ರಿ, ಒಂದು ಹನಿ ಬೀಳಲಿಲ್ಲ ಆ ಪುಣ್ಯಾತ್ಮನ ಮ್ಯಾಲ." ಶಿವಗಂಗಾಳ ಮನಸ್ಸಿನ ಜೀಪು, ಸಂಜೆ, ತಂಗಾಳಿ ಎಲ್ಲವೂ ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊತ್ತ ಹೆಂಗಸೊಬ್ಬಳ ಮುಂದೆ ನಿಂತುಹೋದವು. ಇದಕ್ಕಾಗಿ ಇಷ್ಟು ವರ್ಷ ಹೊಟ್ಟೆ ಉರಿಸಿಕೊಂಡೆನೇ ಎಂದು ಅವಳಿಗೆ ಸಿಟ್ಟು ಬಂತು, ಹೊಟ್ಟೆಕಿಚ್ಚಿನಲ್ಲೂ ಮೋಸ ಹೋದವಳ ಸಿಟ್ಟು.

"ನಂಗ ಅಂತಿದ್ರು," ಎಂದಳು, ಹೇಳಬೇಕೆಂದು ಅಂದುಕೊಂಡಿರದಿದ್ದರೂ, "ಸೋರ್ತದ, ನಿನ್ನ ಸೀರಿ ಹಾಳಾಗ್ತದ, ಬಸ್ಸಿಗಿ ಹೋಗು ಅಂತ. ಒಂದಿನಾ ಹತ್ತಸ್ಕೊಳ್ಳಲಿಲ್ಲ."

ನಾಗರತ್ನಾ ಕನ್ನಡಕ ತೆಗೆದಳು. "ನಂಗ, ಸೋರೋದು ನಿಲ್ಲಲಿ, ಶ್ರೀಶೈಲಕ್ಕ ಹೋಗಾಣ ಅಂತಿದ್ರು. ನಾ ಒಮ್ಮಿ ಗ್ಯಾರೇಜಿಗಿ ನಾನೇ ಒಯ್ತೀನಿ ಅಂದ್ರ ಮೂರು ದಿನ ಮಾತು ಬಿಟ್ರು."

ಮೂವರೂ ರಸ್ತೆಯಲ್ಲಿ ನಿಂತಿದ್ದ ಜೀಪಿನ ಕಡೆ ನೋಡಿದರು. ಒಬ್ಬಳನ್ನು ಹತ್ತಿಸದಿರಲು, ಇನ್ನೊಬ್ಬಳನ್ನು ದೂರ ಒಯ್ಯದಿರಲು ಒಂದೇ ತೂತು ಸಾಕಾಗಿತ್ತು. ಅದನ್ನು ಮುಚ್ಚಿಸುವ ದಡ್ಡತನವನ್ನು ಚನ್ನವೀರ ಏಕೆ ಮಾಡಿಯಾನು. "ಗುತ್ತಿಗೆದಾರ ಅಲಾ," ಎಂದಳು ಹಂಪಮ್ಮ, ಹೆಮ್ಮೆಯೋ ನಾಚಿಕೆಯೋ ತಿಳಿಯದ ದನಿಯಲ್ಲಿ. "ಕೆಲಸ ಮುಗಸಬಾರದು ಅಂತ ಅವನಿಗಿ ಮೊದ್ಲಿಂದ ಗೊತ್ತು."

ಶಿವಗಂಗಾ ಎದ್ದು ಸೆರಗು ಸಿಕ್ಕಿಸಿದಳು. ಈಗ ಆ ತೂತನ್ನು ಹುಡುಕಲೇಬೇಕಾಗಿತ್ತು. ಸೋರುವ ಛತ್ತುಗಳು ಅವಳಿಗೆ ಹೊಸವಲ್ಲ. ಪ್ರತಿ ಮಳೆಗಾಲ ಒಂದಲ್ಲ ಒಂದು ಅಂಗನವಾಡಿಯ ಮಾಳಿಗೆ ಸೋರುತ್ತಿತ್ತು. ಮೇಲಿನಿಂದ ಒಮ್ಮೆಲೇ ನೀರು ಸುರಿದರೆ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ, ಕೆಳಗಿನ ಅಂಚಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ ಹೋಗಬೇಕು, ಒಳಗೊಬ್ಬರು ಕೂತು ನೋಡುತ್ತಿರಬೇಕು. ಕೊಟ್ರೇಶ ಒಬ್ಬನೇ ಮೇಲೆ ಹತ್ತಿ ಕಿವಿಯಿಟ್ಟು ಕೇಳಿದ್ದೇ ತಪ್ಪಾಗಿತ್ತು. ಅಂಗಡಿಯ ಹಿಂದಿನ ಡ್ರಮ್ಮಿನಿಂದ ಬಕೆಟು ತುಂಬಿ ಬಂತು, ಚೊಂಬು ಬಂತು. ಒಳಗೆ ಯಾರು, ಮೇಲೆ ಯಾರು ಎಂದು ಯಾರೂ ಕೇಳಲಿಲ್ಲ. ನಾಗರತ್ನಾ ಕಾಗದ ಕತ್ತರಿಸುವ ಬ್ಲೇಡಿನಿಂದ ಛತ್ತಿನ ಒಳಗಿನ ರೆಕ್ಸಿನ್ನಿನ ಅಂಚು ಸೀಳಿ ಇಳಿಬಿಟ್ಟು, ಮೊಬೈಲಿನ ದೀಪ ಹಚ್ಚಿಕೊಂಡು ಎಡಸೀಟಿನಲ್ಲಿ ಕೂತಳು. ಶಿವಗಂಗಾ ಚಪ್ಪಲಿ ಬಿಟ್ಟು, ಬಂಪರಿನ ಮೇಲೆ ಕಾಲಿಟ್ಟು, ಬಾನೆಟ್ಟಿನ ಮೇಲೆ ಹತ್ತಿ ನಿಂತಳು. ಎದುರಿನ ಚಹಾದಂಗಡಿಯ ಬೆಂಚು ಪೂರ್ತಿ ಈ ಕಡೆ ತಿರುಗಿತು. ತಾಲೂಕು ಕಚೇರಿಯ ಕಿಟಕಿಯಲ್ಲೂ ಎರಡು ತಲೆ ಕಂಡವು. ಚೊಂಬು ಕೈಯಲ್ಲಿ ಹಿಡಿದಾಗ ಮಾತ್ರ ಅವಳಿಗೆ ತಾನೇನು ಮಾಡಲಿದ್ದೇನೆಂಬುದು ಸರಿಯಾಗಿ ಹೊಳೆಯಿತು. ಈ ಹೆಂಗಸಿನ ತಲೆಯ ಮೇಲೆ ನೀರು ಸುರಿಯಬೇಕೆಂದು ಎಷ್ಟೋ ವರ್ಷ ಬಯಸಿದ್ದಳು, ಕುದಿಯುವ ನೀರಾಗಿದ್ದರೂ ಅಡ್ಡಿಯಿರಲಿಲ್ಲ. ಈಗ ಆಕೆಯೇ ಕೂತು, ಹಾಕ್ರಿ ಮೇಡಂ ಎನ್ನುತ್ತಿದ್ದಳು.

ಮುಂಗಾಜಿನ ಅಂಚಿಗೆ ಹಾಕಿದಳು. "ಇಲ್ಲ," ಎಂದಿತು ಒಳಗಿನ ದನಿ. ಎಡಗಡೆಯ ಮೂಲೆಗೆ. "ಇಲ್ಲ." ಸಿಲಿಕಾನಿನ ಗಂಟುಗಳ ಮೇಲೆ, ಡಾಂಬರಿನ ಮೇಲೆ. "ಇಲ್ಲ, ಇಲ್ಲ." ಎಡಗಡೆ ಕ್ಯಾರಿಯರಿನ ಬೋಲ್ಟುಗಳಿಗೆ ಹಾಕಿದಾಗಲೂ ಇಲ್ಲ. ಬಕೆಟು ಖಾಲಿಯಾಗಿ, ಹಂಪಮ್ಮನೇ ಚಹಾದಂಗಡಿಯವನನ್ನು ಗದರಿಸಿ ಮತ್ತೊಂದು ತುಂಬಿಸಿ ಕಳಿಸಿದಳು. ಬಲಗಡೆ, ಚಾಲಕನ ತಲೆಯ ಸರಿ ಮೇಲೆ, ಕ್ಯಾರಿಯರಿನ ಬೋಲ್ಟಿನ ಬುಡಕ್ಕೆ ಚೊಂಬು ಬಗ್ಗಿಸಿದಾಗ ಒಳಗಿನಿಂದ "ಇಲ್ಲ" ಬರಲಿಲ್ಲ. ಆಮೇಲೆ ನಾಗರತ್ನಾ ಕೂಗಿದಳು, "ಬಂತು, ಬಂತು! ಇಲ್ಲಿಂದ ಇಳದು, ತಗಡಿನ ಮಡಿಕ್ಯಾಗ ಹರದು, ಅಡ್ಡ ಹಾಯ್ದು... ಅಯ್ಯ ಇವ್ನ, ನನ್ನ ಮ್ಯಾಲೇ ಬಿತ್ತು!" ಶಿವಗಂಗಾ ಚೊಂಬು ನಿಲ್ಲಿಸಬೇಕಾಗಿತ್ತು. ನಿಲ್ಲಿಸಲಿಲ್ಲ. ಪರೀಕ್ಷೆ ಖಾತ್ರಿಯಾಗಲಿ ಎಂದು ತನಗೆ ತಾನೇ ಹೇಳಿಕೊಂಡು ಉಳಿದದ್ದನ್ನೂ ಸುರಿದಳು, ಆಮೇಲೆ ಬಕೆಟಿನಿಂದ ಮತ್ತೊಂದು ಚೊಂಬು ತುಂಬಿ ಅದನ್ನೂ. ಒಳಗಿನಿಂದ ಬೈಗುಳ ಬರಲಿಲ್ಲ. "ಸಾಕೇನ್ರಿ ಮೇಡಂ?" ಎಂದು ಕೇಳಿತು ಆ ದನಿ, ತಣ್ಣಗೆ. ಶಿವಗಂಗಾ ನಾಚಿ ಚೊಂಬು ಕೆಳಗಿಟ್ಟಳು.

"ಹೊಕ್ಕಿದ್ದು ಅವನ ಕಡಿಂದ, ಬಿದ್ದಿದ್ದು ಹೆಂಗಸ್ರ ಮ್ಯಾಲ," ಎಂದಳು ಹಂಪಮ್ಮ ಕುರ್ಚಿಯಿಂದ. ಚಹಾದಂಗಡಿಯ ಬೆಂಚು ನಕ್ಕಿತು.

ಬೋಲ್ಟು ಬಿಚ್ಚುವುದು ಒಬ್ಬರ ಕೆಲಸವಾಗಿರಲಿಲ್ಲ. ಮೇಲಿನಿಂದ ತಿರುಗಿಸಿದರೆ ಕೆಳಗಿನ ನಟ್ಟೂ ಜೊತೆಗೇ ತಿರುಗುತ್ತಿತ್ತು. ಒಳಗೊಬ್ಬರು ಅದನ್ನು ಪಾನಾ ಹಾಕಿ ಅಲುಗದಂತೆ ಹಿಡಿಯಬೇಕು. ಜೀಪಿನ ಸೀಟಿನಡಿ ಒಂದು ಪಾನಾ ಇತ್ತು, ಇನ್ನೊಂದನ್ನು ಪಕ್ಕದ ಸೈಕಲ್ ಅಂಗಡಿಯಿಂದ ತಂದರು, ಅಲ್ಲಿಂದಲೇ ಹಳೆಯ ಟ್ಯೂಬಿನ ತುಂಡೂ ಬಂತು. ನಾಗರತ್ನಾ ಕತ್ತರಿಯಿಂದ ಆ ರಬ್ಬರನ್ನು ದುಂಡಗೆ ಕತ್ತರಿಸಿ ನಡುವೆ ತೂತು ಮಾಡಿಕೊಟ್ಟಳು. ಶಿವಗಂಗಾ ತೂತಿನ ಸುತ್ತ ಕೂತಿದ್ದ ತುಕ್ಕನ್ನು ಕೆರೆದು, ಒರೆಸಿ ಒಣಗಿಸಿ, ರಬ್ಬರ್ ಕೂಡಿಸಿ, ಕೊಟ್ರೇಶ ಜೀಪಿನಲ್ಲೇ ಬಿಟ್ಟಿದ್ದ ಸಿಲಿಕಾನನ್ನು ಮೊದಲ ಬಾರಿಗೆ ಬೇಕಾದ ಜಾಗದಲ್ಲಿ ಮೆತ್ತಿ, ಬೋಲ್ಟು ಇಳಿಸಿದಳು. ಹೊಟ್ಟೆಯಡಿ ತಣ್ಣನೆ ತಗಡು, ಮೈಯೆಲ್ಲ ಡಾಂಬರು, ಛತ್ತಿನ ಮೇಲೆ ಬೋರಲಾಗಿ ಮಲಗಿದ ಮೇಲ್ವಿಚಾರಕಿ. ಒಂದು ಸುತ್ತು ತಿರುಗಿಸಿದಳು. ಕೆಳಗಿನವಳ ಹಿಡಿತ ಬೋಲ್ಟಿನ ಮೂಲಕ ಕೈಗೆ ತಿಳಿಯುತ್ತಿತ್ತು, ಬಿಗಿಯಾಗಿ. ಮುಖ ಕಾಣುತ್ತಿರಲಿಲ್ಲ. ಕಾಣದಿದ್ದದ್ದಕ್ಕೇ ಇರಬೇಕು, ಬಾಯಿ ತಾನಾಗಿ ತೆರೆಯಿತು.

"ಅವತ್ತು ನಾ ನಿನ್ನ ಇಳಸಬಾರದಿತ್ತು."

ತಗಡಿನಡಿಯಿಂದ ದನಿ ಬಂತು. "ಏನಂದ್ರಿ? ಕೇಳಸ್ಲಿಲ್ಲ."

"ಗಟ್ಟಿ ಹಿಡಿ ಅಂದೆ."

"ಹಿಡದೀನ್ರಿ."

ಬೋಲ್ಟು ಬಿಗಿಯಾಯಿತು. ಕೆಳಗಿಳಿದು ಇಬ್ಬರೂ ಎದುರುಬದುರಾದಾಗ ಒಬ್ಬಳು ಕಪ್ಪಾಗಿದ್ದಳು, ಒಬ್ಬಳು ಒದ್ದೆಯಾಗಿದ್ದಳು. ನಾಗರತ್ನಾ ಕನ್ನಡಕವನ್ನು ಸೆರಗಿಗೆ ಒರೆಸುತ್ತ, "ಮೊದಲನೇ ಸಲಕ್ಕೇ ಕೇಳಸ್ತು ಮೇಡಂ," ಎಂದಳು. "ಮತ್ತೊಮ್ಮಿ ಹೇಳ್ತೀರೇನೋ ಅಂತ ನೋಡಿದೆ." ಶಿವಗಂಗಾಳಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು, ಕೂಡಲೇ ನಗುವೂ ಬಂತು. ನೀನು ಎಂದುಬಿಟ್ಟಿದ್ದೂ ಆಗ ನೆನಪಾಯಿತು.

ಚಹಾ ಬಂತು, ಹಂಪಮ್ಮ ಕೇಳಿದ ಮಿರ್ಚಿ ಮಂಡಾಳವೂ ಬಂತು. ಕಲೆಸಿದ ಮಂಡಕ್ಕಿಯನ್ನು ಮೂವರೂ ಒಂದೇ ಹಾಳೆಯ ಮೇಲಿಂದ ತಿಂದರು. ಹಂಪಮ್ಮ ಕಣ್ಣಿಗೆ ಖಾರದ ಕೈ ತಾಗಿಸಿಕೊಳ್ಳದಂತೆ ನಾಗರತ್ನಾ ಅವಳ ಮಣಿಕಟ್ಟು ಹಿಡಿದು ಕೂತಿದ್ದಳು. ಈ ಹೆಂಗಸಿನ ಜೊತೆ ಇನ್ನೂ ಎಷ್ಟೋ ಮಾತಾಡಬಹುದು ಎಂದು ಶಿವಗಂಗಾಳಿಗೆ ಅನ್ನಿಸತೊಡಗಿತ್ತು. ಅವನು ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದದ್ದು, ಸುಳ್ಳು ಹೇಳುವ ಮೊದಲು ಮೂಗು ಎಳೆಯುತ್ತಿದ್ದದ್ದು, ಇವೆಲ್ಲ ಭೂಮಿಯ ಮೇಲೆ ಇನ್ನೊಬ್ಬಳಿಗೆ ಮಾತ್ರ ಗೊತ್ತಿದ್ದ ಸಂಗತಿ. ತಿಂಗಳಿಗೊಮ್ಮೆ ಬಂದು ಬೈದು ಹೋಗಬಹುದು. ಆಗಲೇ ನಾಗರತ್ನಾ ಅಂದಳು, "ನಂದು ಲಗ್ನ ಅದ್ರಿ, ದೀಪಾವಳಿ ಆದ ಮ್ಯಾಲ. ಶಕ್ತಿನಗರದಾಗ ಗುತ್ತಿಗಿ ಮ್ಯಾಲ ವೆಲ್ಡಿಂಗ್ ಮಾಡ್ತಾರ, ಮಹಾಂತಯ್ಯ ಅಂತ. ಹೆಂಡ್ತಿ ತೀರ್ಕೊಂಡಾರ."

"ಲಗ್ನ?" ಎಂದಳು ಶಿವಗಂಗಾ. "ಅವ್ರು ಹೋಗಿ ಒಂದು ವರ್ಷ ಆಗ್ಯದ ಅಷ್ಟಾ!"

ದನಿ ಬೀದಿಗೆ ಕೇಳುವಷ್ಟು ಜೋರಾಗಿತ್ತು. ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ತನ್ನ ಗಂಡನನ್ನು ಇಟ್ಟುಕೊಂಡವಳು ಅವನಿಗೆ ನಿಯತ್ತಿನಿಂದ ಇಲ್ಲವೆಂದು ಅವಳ ಮೇಲೆ ಹರಿಹಾಯುತ್ತಿದ್ದಳು, ಅವನ ತಂಗಿಯೋ ತಾಯಿಯೋ ಎಂಬಂತೆ. ನಾಗರತ್ನಾ ಒಂದು ಕ್ಷಣ ಬೆರಗಾಗಿ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ಹಂಪಮ್ಮನೂ ಮಂಡಾಳ ಉಗುಳುವಷ್ಟು ನಕ್ಕಳು.

"ಹೆಂಗದಾರ?" ಎಂದು ಕೇಳಿದಳು ಶಿವಗಂಗಾ, ಬೇರೇನೂ ತೋಚದೆ.

"ಸುಮ್ಮಗಿರ್ತಾರ್ರಿ. ಒಂದು ಸ್ಕೂಟರ್ ಅದ."

"ಅದಕ್ಕ ಛತ್ತಾ ಇರಂಗಿಲ್ಲಲ್ಲ."

"ಹಂಗಂತಾ ಒಪ್ಪೀನಿ. ಇಬ್ಬರೂ ಕೂಡೇ ತೋಯಸ್ಕೋತೀವಿ."

ಹೊರಡುವಾಗ ನಾಗರತ್ನಾ ಹಂಪಮ್ಮನ ಕಾಲು ಮುಟ್ಟಿದಳು. ಶಿವಗಂಗಾಳ ಕಾಲು ಮುಟ್ಟಲಿಲ್ಲ. "ಲಗ್ನಕ್ಕ ಬರ್ರಿ," ಎಂದಳು, "ಬರ್ಲಿಕ್ಕಂದ್ರೂ ನಡೀತದ," ಎಂದಳು. ಜೀಪು ಸಿರವಾರದ ದಾರಿ ಹಿಡಿಯಿತು. ಶಿವಗಂಗಾಳ ಎದೆಯಲ್ಲಿ ಏನೋ ಖಾಲಿಯಾಗಿ, ಆ ಖಾಲಿ ಜಾಗ ಭಾರವಾಗುತ್ತಿತ್ತು. ವರ್ಷವಿಡೀ ತಾನು ಒಬ್ಬಳೇ ದುಃಖಿಸುತ್ತಿಲ್ಲ ಎಂಬ ನಂಬಿಕೆಯೊಂದು ಅವಳಿಗೆ ಗೊತ್ತಿಲ್ಲದೆಯೇ ಊರುಗೋಲಾಗಿತ್ತು. ತನಗೆ ಬಾರದ ಕಣ್ಣೀರು ದೇವದುರ್ಗದಲ್ಲಿ ಯಾರಿಗೋ ಬರುತ್ತಿರಬೇಕು, ಆ ಕೆಲಸ ಅಲ್ಲಿ ನಡೆಯುತ್ತಿರಬೇಕು ಎಂದುಕೊಂಡಿದ್ದಳು. ಆ ಅಳುವಿನ ಅಂಗಡಿ ಈಗ ಮುಚ್ಚಿತ್ತು. ಇನ್ನು ಆ ಮನುಷ್ಯನನ್ನು ನೆನೆಯುವುದಕ್ಕೂ ಬೈಯುವುದಕ್ಕೂ ತಾನೊಬ್ಬಳೇ.

ಒಂದು ತಿರುವಿನಲ್ಲಿ ಕುರಿಗಳು ಅಡ್ಡ ಬಂದವು. ಸಂಜೆಯ ಬಿಸಿಲಿನಲ್ಲಿ ರಸ್ತೆ ತುಂಬ ಉಣ್ಣೆಯ ಒದ್ದೆ ವಾಸನೆ. ಕುರಿಗಾರ ಅವಸರವಿಲ್ಲದೆ ಕೋಲು ಹೆಗಲಿಗೆ ಹಾಕಿ ನಡೆಯುತ್ತಿದ್ದ. ಶಿವಗಂಗಾ ಗಾಡಿ ನಿಲ್ಲಿಸಿದಳು. ಹಂಪಮ್ಮ ಕಿಟಕಿಯಾಚೆ ನೋಡುತ್ತಲೇ ಮಾತಾಡಿದಳು.

"ನನ್ನ ಮಗ ಅಷ್ಟೇನು ಛಲೋ ಮನಷ್ಯಾ ಇರಲಿಲ್ಲ ಬೇ, ಗಂಗವ್ವಾ."

ಶಿವಗಂಗಾ ತಿರುಗಿ ನೋಡಿದಳು.

"ಆಕಿ ಹೊಂಟ್ಳು. ನೀನೂ ಹೊಂಡು. ಲಗ್ನಾ ಮಾಡ್ಕೋತೀಯೋ, ಬರೇ ಜೀಪ್ ಹೊಡ್ಕೊಂತ ತಿರಗ್ತೀಯೋ, ಏನರೆ ಮಾಡು. ನಾ ಹಡದಾಕಿ, ನಂಗ ಬ್ಯಾರೆ ದಾರಿ ಇಲ್ಲ. ಅವನಿಗಿ ಅಳಾಕ ನಾ ಇರ್ತೀನಿ."

ಶಿವಗಂಗಾಳ ಕೈ ಹಾರ್ನಿನ ಮೇಲೆ ಬಿತ್ತು. ಕುರಿಗಳು ಬೆದರಿ ಒಂದರ ಮೇಲೊಂದು ಏರಿದವು, ಕುರಿಗಾರ ತಿರುಗಿ ಬೈದ, ಅವಳು ಕೈ ತೆಗೆಯಲಿಲ್ಲ. ಕೊನೆಯ ಕುಂಟು ಕುರಿಯೂ ದಾಟಿ, ಧೂಳೂ ಏಳದ ಒದ್ದೆ ರಸ್ತೆ ಎದುರಿಗೆ ಪೂರ್ತಿ ಖಾಲಿ ಬಿದ್ದಾಗಲೂ ಅವಳು ಸ್ಟೇರಿಂಗಿಗೆ ಹಣೆ ಹಚ್ಚಿ, ಎರಡೂ ಕೈಗಳಿಂದ ಹಾರ್ನ್ ಒತ್ತುತ್ತಲೇ ಇದ್ದಳು. ಹೊಲದಲ್ಲಿದ್ದವರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಹಂಪಮ್ಮ ಅವಳನ್ನು ತಡೆಯಲಿಲ್ಲ.